ಟೆನಿಸ್ ಡಬಲ್ಸ್‌ನಲ್ಲಿ 40-40 ಆದಮೇಲೆ ಒಂದೇ ಪಾಯಿಂಟಾ?

ಶಿವಮೊಗ್ಗದಿಂದ: ಬೆಂಗಳೂರು ಓಪನ್ ಪುರುಷರ ಡಬಲ್ಸ್ ನೋಡಿದೆ. 40-40 ಆದಮೇಲೆ ಒಂದೇ ಪಾಯಿಂಟ್‌ಗೆ ಗೇಮ್ ಮುಗಿಯಿತು, ಮೂರನೇ ಸೆಟ್ಟೂ ಇಲ್ಲ! ಆದರೆ ನಮ್ಮ ಕೊಡಗಿನ ರೋಹನ್ ಬೋಪಣ್ಣ 2024ರ ಆಸ್ಟ್ರೇಲಿಯನ್ ಓಪನ್ ಸೆಮಿಫೈನಲ್‌ನಲ್ಲಿ ಮೂರನೇ ಸೆಟ್ ಪೂರ್ತಿ ಆಡಿದ್ದರು ಅಲ್ವಾ?

ಸಾಗರದಿಂದ: ಹೌದು, ಆಸ್ಟ್ರೇಲಿಯನ್ ಓಪನ್‌ನಂಥ ಗ್ರ್ಯಾಂಡ್‌ಸ್ಲಾಮ್ ಟೂರ್ನಿಗಳ ಪುರುಷರ ಡಬಲ್ಸ್‌ನಲ್ಲಿ ಹಳೇ ಲೆಕ್ಕವೇ. ಡ್ಯೂಸ್, ಅಡ್ವಾಂಟೇಜ್ ಎಲ್ಲ ಇರುತ್ತದೆ, ಅಂದರೆ 40-40 ಆದಮೇಲೆ ಸತತ ಎರಡು ಪಾಯಿಂಟ್ ಗೆದ್ದರೇ ಗೇಮ್; ಮೂರನೇ ಸೆಟ್ 6-6 ಆದರೆ ಮಾತ್ರ ಫಲಿತಾಂಶಕ್ಕೆ 10 ಪಾಯಿಂಟ್‌ನ ಟೈಬ್ರೇಕ್. ಪುರುಷರ ವೃತ್ತಿಪರ ಟೂರ್ನಿಗಳಾದ ಎಟಿಪಿ ಟೂರ್, ಅದರ ಕೆಳಹಂತದ ಬೆಂಗಳೂರು ಓಪನ್‌ನಂಥ ಚಾಲೆಂಜರ್‌ಗಳಲ್ಲಿ ಸೆಟ್ 1-1 ಆದರೆ ಸೀದಾ 10 ಪಾಯಿಂಟ್‌ನ ಟೈಬ್ರೇಕ್, ಎರಡು ಪಾಯಿಂಟ್ ಅಂತರ ಬೇಕು. ಪಂದ್ಯ ಬೇಗ ಮುಗಿಯಲಿ, ಸಿಂಗಲ್ಸ್ ಆಡುವವರೂ ಬರಲಿ ಅಂತ ಹೀಗೆ ಮಾಡಿದ್ದು. 40-40ರಲ್ಲಿ ಯಾರು ರಿಸೀವ್ ಮಾಡಬೇಕು ಅಂತ ಸರ್ವ್ ಎದುರಿಸುವ ಜೋಡಿಯೇ ಆರಿಸಿಕೊಳ್ಳಬಹುದು, ಆ ಪಾಯಿಂಟ್‌ನ ರುಚಿಯೇ ಅಲ್ಲಿದೆ.

ತೀರ್ಥಹಳ್ಳಿಯಿಂದ: ನನಗೆ ಇದು ಇಷ್ಟವಿಲ್ಲ ಸರ್. ಜೋಡಿಯ ಹೊಂದಾಣಿಕೆ ಗೊತ್ತಾಗುವುದೇ ಮೂರನೇ ಸೆಟ್‌ನಲ್ಲಿ. ಬೋಪಣ್ಣ, ಅವರ ಜೊತೆಗಾರ ಎಬ್ಡೆನ್ ಆ ಸೆಮಿಫೈನಲ್ ಗೆದ್ದದ್ದು ಹಾಗೆಯೇ, ಆಮೇಲೆ ಫೈನಲ್ 7-6, 7-5. 43ನೇ ವಯಸ್ಸಿನಲ್ಲಿ!

ಶಿವಮೊಗ್ಗದಿಂದ: ಥ್ಯಾಂಕ್ಸ್ ಸರ್. ಮಳೆಗಾಲದಲ್ಲಿ ನಮ್ಮ ಕೋರ್ಟ್ ಒಣಗಿರುವುದೇ ಸ್ವಲ್ಪ ಹೊತ್ತು, ನಾವೂ ಒಂದೇ ಪಾಯಿಂಟ್ ಲೆಕ್ಕದಲ್ಲಿ ಆಡುತ್ತೇವೆ.