ಸಹಾಯ ಬೇಕು: ಚಿನ್ನದ ಎಲ್-ಗ್ಯಾಮಾ ಲೆಕ್ಕ ಹೊಂದುತ್ತಿಲ್ಲ

ನಮಸ್ಕಾರ. ತೆಳುವಾದ ಚಿನ್ನದ ಪದರದ ಮೇಲೆ 1ರಿಂದ 3 ಎಂಇವಿ (ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್) ಶಕ್ತಿಯ ಪ್ರೋಟಾನುಗಳನ್ನು ಹಾಯಿಸಿ ಎಲ್ ಎಕ್ಸ್-ಕಿರಣಗಳನ್ನು ಅಳೆದಿದ್ದೇನೆ. ಸಿದ್ಧಾಂತದ ಬೆಲೆಗಾಗಿ ಐಎಸ್‌ಐಸಿಎಸ್ ಎಂಬ ಅಡ್ಡಛೇದ ಲೆಕ್ಕದ ತಂತ್ರಾಂಶದಲ್ಲಿ ಇಸಿಪಿಎಸ್‌ಎಸ್‌ಆರ್ ಎಂಬ ಸಿದ್ಧಾಂತವನ್ನು ಆಯ್ಕೆ ಮಾಡಿ ಎಲ್1, ಎಲ್2, ಎಲ್3 ಉಪಕವಚಗಳ ಅಯನೀಕರಣ ಅಡ್ಡಛೇದ (ಪ್ರೋಟಾನು ಆ ಉಪಕವಚದಿಂದ ಎಲೆಕ್ಟ್ರಾನನ್ನು ಕಿತ್ತುಹಾಕುವ ಸಂಭವದ ಅಳತೆ) ತೆಗೆದಿದ್ದೇನೆ.

ಮೊದಲು ತಾಮ್ರದ ಕೆ ಕವಚದಲ್ಲಿ ಕೈ ಪಳಗಿಸಿಕೊಂಡೆ. ಅಡ್ಡಛೇದವನ್ನು ಪ್ರತಿದೀಪ್ತಿ ಇಳುವರಿ (ಖಾಲಿ ಜಾಗ ತುಂಬುವಾಗ ಎಕ್ಸ್-ಕಿರಣ ಹೊರಡುವ ಪಾಲು) 0.44ರಿಂದ ಗುಣಿಸಿದರೆ ಸಾಕಾಯಿತು, ಪ್ರಯೋಗದ ಬೆಲೆ ಹತ್ತಿರಕ್ಕೆ ಬಂತು. ಅಷ್ಟಕ್ಕೇ ಬೀಗಿದ್ದು ನನ್ನ ತಪ್ಪು!

ಚಿನ್ನದಲ್ಲಿ ಎಲ್1ರಲ್ಲಿ ಎಲೆಕ್ಟ್ರಾನ್ ಹೋಗಿ ಉಳಿದ ಖಾಲಿ ಜಾಗ, ಕೋಸ್ಟರ್-ಕ್ರೋನಿಗ್ ಸಂಕ್ರಮಣದಿಂದ (ಒಂದೇ ಕವಚದ ಉಪಕವಚಗಳ ನಡುವಿನ ಬದಲಾವಣೆ) ಎಲ್2, ಎಲ್3ಕ್ಕೆ ಜಾರುತ್ತದೆ. ಆ ಪಾಲುಗಳನ್ನು ಸೇರಿಸಿದ ಮೇಲೆ ಎಲ್3ರಿಂದ ಹೊರಡುವ ಎಲ್-ಆಲ್ಫಾ ರೇಖೆ ಸರಿಯಾಗಿ ಕೂತಿದೆ. ಆದರೆ ಎಲ್1ರಿಂದ ಹೊರಡುವ ಗ್ಯಾಮಾ-2, ಗ್ಯಾಮಾ-3 ರೇಖೆಗಳಿಗೆ ನನ್ನ ಲೆಕ್ಕ ಅಳತೆಗಿಂತ ಸುಮಾರು ಕಾಲು ಭಾಗ ಕಡಿಮೆ. ಅವುಗಳ ಜೊತೆ ಬೆರೆಯುವ ಎಲ್2ರ ಗ್ಯಾಮಾ-6 ಪಾಲನ್ನು ಕಳೆದಿದ್ದೇನೆ, ಶೋಧಕದ ದಕ್ಷತೆಯನ್ನು ಎರಡು ಸಲ ಪರೀಕ್ಷಿಸಿದ್ದೇನೆ. ವ್ಯತ್ಯಾಸ ಹೋಗುತ್ತಿಲ್ಲ.

ಇಳುವರಿ ಮತ್ತು ಕೋಸ್ಟರ್-ಕ್ರೋನಿಗ್ ಗುಣಾಂಕಗಳಿಗೆ (ಖಾಲಿ ಜಾಗ ಜಾರುವ ಪಾಲುಗಳು) ನಾನು ಬಳಸಿದ್ದು ಕ್ರೌಸ್ ಅವರ 1979ರ ಪಟ್ಟಿ, ಅದರಲ್ಲಿ ಎಲ್1ರ ಇಳುವರಿ 0.107. ಕ್ಯಾಂಪ್‌ಬೆಲ್ 2003ರಲ್ಲಿ ಪರಿಷ್ಕೃತ ಬೆಲೆಗಳನ್ನು ಕೊಟ್ಟಿದ್ದಾರೆ. ಇಳುವರಿಯನ್ನು ಮಾತ್ರ ಬದಲಿಸಿದರೆ ಗ್ಯಾಮಾ ಸುಧಾರಿಸುತ್ತದೆ, ಆದರೆ ಕೋಸ್ಟರ್-ಕ್ರೋನಿಗ್ ಗುಣಾಂಕ ಹಳೆಯದೇ ಉಳಿದು ಲೆಕ್ಕ ಎಡಬಿಡಂಗಿಯಾಗುತ್ತದೆ.

ಈ ಕೆಲಸ ಮಾಡಿದವರು ಹೇಳಿ: ಇಳುವರಿ, ಗುಣಾಂಕ ಎರಡನ್ನೂ ಒಂದೇ ಪಟ್ಟಿಯಿಂದಲೇ ತೆಗೆದುಕೊಳ್ಳಬೇಕೇ? ಹಾಗೆ ಮಾಡಿದ ಮೇಲೂ ವ್ಯತ್ಯಾಸ ಉಳಿದರೆ, ಎಲ್1ರ ಅಡ್ಡಛೇದವನ್ನೇ ಅನುಮಾನಿಸಬೇಕೇ?