1770ರ ಸ್ಟೇಸ್‌ಗೆ, ಅಂದರೆ ಮೈ ಬಿಗಿಯುವ ಕುಪ್ಪಸಕ್ಕೆ, ದಾರ ಕಟ್ಟೋದು ಹೇಗೆ? ಹೊಲಿದು ಗೊತ್ತಿರುವವರು ಹೇಳಿ

ಲೀಡ್ಸ್ ಅಮ್ಮ: ಮಗಳ ಕಾಲೇಜು ನಾಟಕ, ಕಥೆ 1770ರ ಇಂಗ್ಲೆಂಡಿನದು. ಸ್ಟೇಸ್ ಹೊಲಿದಾಯ್ತು, ಬೆನ್ನಿನ ತೂತುಗಳು ಮಾತ್ರ ಬಾಕಿ. ಶೂ ಲೇಸಿನ ಹಾಗೆ ಅಡ್ಡಡ್ಡ ಕಟ್ಟಲಾ, ಒಂದೇ ದಾರವನ್ನು ಸುತ್ತಿಸುತ್ತಾ ಹೋಗಲಾ? ಇಪ್ಪತ್ತೇ ದಿನ ಇದೆ.

ಸೂಜಿಮಲ್ಲಿ: ಒಂದೇ ದಾರ, ಸುತ್ತಿಸಿ. ಆದರೆ ನನ್ನ ಕಥೆ ಕೇಳಿ. ಒಂದೊಂದು ಬದಿಗೆ 14 ತೂತು, ಎಲ್ಲ ಎದುರುಬದುರು ಮಾಡಿದ್ದೆ. ಒಂದೊಂದಕ್ಕೂ ಕಾಲು ಗಂಟೆ, ಲಿನನ್ ದಾರಕ್ಕೆ ಜೇನುಮೇಣ ಸವರಿ ಕಾಜಾ ಹಾಕಿದ ಹಾಗೆ ಸುತ್ತಿದ್ದು, ಒಟ್ಟು ಏಳು ಗಂಟೆ. ಕಟ್ಟಿ ಎಳೆದರೆ ಎಡಬದಿ ಅರ್ಧ ಇಂಚು ಮೇಲೆ! ಒಂದು ಬದಿಯ ತೂತು ಇನ್ನೊಂದರ ಎರಡು ತೂತಿನ ನಡುವಿಗೆ ಬರಬೇಕು, ಒಂದು ಕಡೆ ಮೇಲಿನ ಎರಡು, ಇನ್ನೊಂದು ಕಡೆ ಕೆಳಗಿನ ಎರಡು ಹತ್ತಿರ ಹತ್ತಿರ. ಹಿಂಭಾಗ ಪೂರ್ತಿ ಬದಲಾಯಿಸಿದೆ, 38 ಪೌಂಡ್ ದಂಡ. ತೂತು ಹೊಡೆದ ಪಂಚ್ ಬೇರೆ ಬಟ್ಟೆಯ ಎಳೆಗಳನ್ನೇ ಕತ್ತರಿಸಿಬಿಟ್ಟಿತ್ತು, ಮೂರನೇ ರಿಹರ್ಸಲ್‌ಗೆ ಮೂರು ತೂತು ಹರಿದವು. ದಬ್ಬಣ ಚುಚ್ಚಿ ಎಳೆ ಸರಿಸಬೇಕಿತ್ತು.

ಬೆನ್ನುಹುರಿ: ಅಯ್ಯೋ, ಏಳು ಗಂಟೆ ಯಾಕೆ? ನಾನು ಲೋಹದ ಐಲೆಟ್ (ತೂತಿನ ಅಂಚಿಗೆ ಕೂರಿಸುವ ಉಂಗುರ) ಹೊಡೆದು ಅಡ್ಡ ಕಟ್ಟಿದೆ, ಸೊಂಟದ ಹತ್ತಿರ ಎರಡು ಕುಣಿಕೆ ಬಿಟ್ಟರೆ ಹುಡುಗಿ ತಾನೇ ಬಿಗಿ ಮಾಡಿಕೊಳ್ತಾಳೆ. ನಾಲ್ಕು ಪ್ರದರ್ಶನ, ಒಂದೂ ಕಿತ್ತು ಬರಲಿಲ್ಲ. ಹತ್ತನೇ ಸಾಲಿಗೆ ಏನು ಕಾಣತ್ತೆ?

ಸೂಜಿಮಲ್ಲಿ: ಲೋಹದ ಐಲೆಟ್ ಬಂದದ್ದೇ 1820ರ ನಂತರ ಸ್ವಾಮಿ. ಆ ಕುಣಿಕೆ ಸ್ಟೇಸ್ ಆದಮೇಲೆ ಬಂದ ವಿಕ್ಟೋರಿಯಾ ಕಾಲದ ಕಾರ್ಸೆಟ್‌ನದು. ಅವರು ಕೇಳಿದ್ದು 1770.

ಬೆನ್ನುಹುರಿ: ನಿಮ್ಮ ಸುತ್ತು ದಾರ ಬಿಚ್ಚೋಕೆ ಎಷ್ಟು ಹೊತ್ತು, ಅದನ್ನೂ ಹೇಳಿ! ದೃಶ್ಯ ಬದಲಾಗೋಕೆ ನಮಗೆ ಎರಡು ನಿಮಿಷ ಇತ್ತು.

ಮೂಲೆ ಕುರ್ಚಿ: ಅದು ನಿಜ, ಪೂರ್ತಿ ಎಳೆದು ತೆಗೀಬೇಕು. ನಮ್ಮಲ್ಲಿ ಲಾಡಿಯ ತುದಿಗೆ ಲೋಹದ ಮುಚ್ಚಳ ಇರಲಿಲ್ಲ, ಸೆಲ್ಲೋಟೇಪ್ ಸುತ್ತಿದ್ದೆ. ಕತ್ತಲಲ್ಲಿ ಅದು ಬಿಚ್ಚಿಕೊಂಡು ನೂಲೆಲ್ಲ ಕೆದರಿತು, ಹುಡುಗಿ ಅಳ್ತಾ ಅರ್ಧಕ್ಕೇ ರಂಗಕ್ಕೆ ಹೋದಳು. ಆಮೇಲೆ ಹಿತ್ತಾಳೆ ಹಾಳೆ ಸುತ್ತಿ ತುದಿ ಮಾಡಿಕೊಂಡೆ, ಮೂರು ಸಲ ಬೆರಳು ಕುಯ್ದುಕೊಂಡು.

ಸೂಜಿಮಲ್ಲಿ: ಲಾಡಿ ಅನ್ನಬೇಡಿ, ಅದು ಲಂಗದ್ದು.

ಮೂಲೆ ಕುರ್ಚಿ: ನಮ್ಮಜ್ಜಿ ರವಿಕೆಗೆ ಹಾಕಿದ್ದನ್ನೂ ಲಾಡಿ ಅಂತಲೇ ಅಂತಿದ್ದರು. ನೀವು ಯಾವ ಊರಿನವರು?

ಬೆನ್ನುಹುರಿ: ಹೌದು, ನಮ್ಮ ಹಾಸನದಲ್ಲೂ ಲಾಡಿನೇ.

ಲೀಡ್ಸ್ ಅಮ್ಮ: ಜಗಳ ಆಮೇಲೆ ಆಡಿ. ಆ ಹತ್ತಿರದ ಎರಡು ತೂತಿನ ನಡುವೆ ಎಷ್ಟು ಬಿಡೋದು?