‘ಬಾ’ ಅಂದ್ರೆ ಏನು? ಕಾಕಾ ಹಾಕಿದ ವಿಡಿಯೋ ಮೇಲೆ ಮನೆ ಗುಂಪಿನ ಜಗಳ

ಬಾಗಲಕೋಟೆ ಕಾಕಾ: [ಫಾರ್ವರ್ಡ್ ಆದ ವಿಡಿಯೋ] ‘ಮೂರೇ ದಿನದಲ್ಲಿ ನಾಯಿ ಕರೆದ ಕೂಡಲೇ ಬರುತ್ತದೆ!’ ನೋಡ್ರಿ ಎಲ್ಲಾರೂ. ಉದ್ದ ಹಗ್ಗ ಕಟ್ಟಿ ‘ಬಾ’ ಅನ್ನೋದು, ಬರ್ಲಿಲ್ಲಂದ್ರ ಜಗ್ಗೋದು. ಭಾಳ ಸರಳ ಐತಿ.

ಡಾಕ್ಟರಕ್ಕ: ಕಾಕಾ, 40ನೇ ಸೆಕೆಂಡಲ್ಲಿ ನಿಲ್ಲಿಸಿ ನೋಡಿ. ಬರ್ತಿದೆ, ನಿಜ. ಕಿವಿ ಹಿಂದಕ್ಕೆ, ಬಾಲ ಹೊಟ್ಟೆಯಡಿ, ಕೊನೇ ಎರಡು ಮಾರು ಬಾಗಿಕೊಂಡು ಅಡ್ಡಡ್ಡ. ‘ಬಾ’ ಅಂದ್ರೆ ಕುತ್ತಿಗೆಗೆ ಎಳೆತ ಅಂತ ಕಲಿತಿದೆ. ಹಗ್ಗ ಬಿಚ್ಚಿದ ದಿನ ಕಥೆ ಮುಗೀತು.

ಮೈಸೂರು ಭಾವ: ಅದಕ್ಕೇ ಬಿಸ್ಕತ್ತು. ಕೈಲಿ ಬಿಸ್ಕತ್ತಿದ್ರೆ ಯಾವ ನಾಯಿ ಬರಲ್ಲ?

ಬಾಗಲಕೋಟೆ ಕಾಕಾ: ಮುಧೋಳ ನಾಯಿ ಬರಂಗಿಲ್ಲ. ಮೊಲ ಕಂಡ್ ಮ್ಯಾಲ ಬಿಸ್ಕಿಟ್ ಯಾರಿಗ್ ಬೇಕ್ರಿ? ಅದಕ್ಕ ಕಲಿಸಾಕ ಆಗಂಗಿಲ್ಲ.

ಡಾಕ್ಟರಕ್ಕ: 2016ರಲ್ಲಿ ಮುಧೋಳದ ಮರಿಗಳು ತರಬೇತಿಗೆ ಮೀರತ್‌ನ ಸೇನಾ ಕೇಂದ್ರಕ್ಕೇ ಹೋಗಿದ್ವು ಅಂತ ನೀವೇ ಎದೆ ತಟ್ಟಿ ಹೇಳ್ತೀರಿ 😄 ಬಿಸ್ಕತ್ತಿನ ವಿಷಯ ಒಪ್ಪಿದೆ. ಕಣ್ಣಿಂದ ಬೇಟೆಯಾಡೋ ತಳಿ ಅದು, ಓಡೋದನ್ನ ಬೆನ್ನಟ್ಟಲೇಬೇಕು. ಹಾಗಾಗಿ ಓಡೋದು ನೀವಾಗಿ. ಹೆಸರು ಒಂದೇ ಸಲ. ಅದು ತಿರುಗಿ ನೋಡಿದ ಕ್ಷಣ ‘ಬಾ’ ಅಂದು, ಬೆನ್ನು ಹಾಕಿ ಓಡಿ. ಅದರ ಕಡೆ ಹೆಜ್ಜೆ ಇಟ್ರೆ ಅದು ಮೊಲ, ನೀವು ನಾಯಿ. ಆ ಪಂದ್ಯ ನೀವು ಗೆಲ್ಲಲ್ಲ.

ಮೈಸೂರು ಭಾವ: ಸರಿ, ಬಂತು. ಆಮೇಲೆ?

ಡಾಕ್ಟರಕ್ಕ: ಆಮೇಲಿಂದೇ ಮುಖ್ಯ. ಬಂದಿದ್ದಕ್ಕೆ ಬಹುಮಾನ ಬೆನ್ನಟ್ಟೋ ಆಟ. ಅದಕ್ಕೆ 4 ಅಡಿ ಬಿದಿರು ಕೋಲು, ತುದಿಗೆ 5 ಅಡಿ ಹಗ್ಗ, ಹಗ್ಗದ ತುದಿಗೆ ಹಳೇ ಪಂಚೆ ಚೂರು. ನೆಲದ ಮೇಲೇ ಹರಿಸಿ, ಮೊಲ ಓಡಿದ ಹಾಗೆ. ಗಾಳೀಲಿ ಹಾರಿಸಬೇಡಿ, ವರ್ಷ ತುಂಬದ ಮರಿ ಮೂಳೆ ಇನ್ನೂ ಬೆಳೀತಿರುತ್ತೆ. ಹಿಡಿದ್ರೆ 10 ಸೆಕೆಂಡ್ ಹಗ್ಗಜಗ್ಗಾಟ. ಆಮೇಲೆ ಕೈ ಅಲುಗದೆ ಕಲ್ಲಾಗಲಿ, ‘ಬಿಡು’ ಅನ್ನಿ, ಬಿಟ್ಟಾಗ ಕಡಲೆಕಾಳಿನಷ್ಟು ಬೆಂದ ಲಿವರ್. ಐದಾರು ಸುತ್ತು ಸಾಕು. ಅದಕ್ಕೆ ಇನ್ನೂ ಬೇಕು ಅನ್ನೋವಾಗಲೇ ನಿಲ್ಲಿಸಿ.

ಹುಬ್ಬಳ್ಳಿ ಅತ್ತೆ: ಜಗ್ಗಾಟ ಆಡಿಸಿದ್ರ ಕಚ್ಚೂದ ಕಲೀತೈತಿ. ಲಿವರ್ ನಮ್ಮನ್ಯಾಗ ಆಗಂಗಿಲ್ಲ. ಒಣದ್ರಾಕ್ಷಿ ಕೊಡ್ಲಾ?

ಡಾಕ್ಟರಕ್ಕ: ದ್ರಾಕ್ಷಿ ಹಸೀದೂ ಬೇಡ, ಒಣಗಿದ್ದೂ ಬೇಡ! ನಾಯಿ ಮೂತ್ರಪಿಂಡಕ್ಕೆ ವಿಷ ಅದು. ಪನೀರ್ ಕೊಡಿ. ಹಲ್ಲು ಕೈಗೆ ತಾಗಿದ್ರೆ ಆಟ ಅಲ್ಲಿಗೇ ಬಂದ್, ಅಷ್ಟು ನಿಯಮ ಇದ್ರೆ ಕಚ್ಚೋದು ಕಲಿಯಲ್ಲ. 4ರಿಂದ 6 ತಿಂಗಳು ಹಾಲುಹಲ್ಲು ಬೀಳೋ ಸಮಯ, ಆಗ ಮೆಲ್ಲಗೆ.

ಮೈಸೂರು ಭಾವ: ಹಂಗಾದ್ರೆ ಕಾಕಾನ ಹಗ್ಗ ಅಟ್ಟಕ್ಕೆ.

ಡಾಕ್ಟರಕ್ಕ: ಇಲ್ಲ ಭಾವ, ಹಗ್ಗ ಬೇಕು. 10 ಮೀಟರ್. ಎಳೆಯೋಕಲ್ಲ, ಬಯಲಲ್ಲಿ ಕೈ ತಪ್ಪದ ಹಾಗೆ. ಕಟ್ಟೋದು ಎದೆಪಟ್ಟಿಗೆ (ಹಾರ್ನೆಸ್). ಮುಧೋಳದ ತಲೆ ಸಪೂರ, ಮಾಮೂಲಿ ಕುತ್ತಿಗೆ ಬೆಲ್ಟ್ ಹಿಂದಕ್ಕೆ ಜಗ್ಗಿ ಕಳಚಿಕೊಳ್ಳುತ್ತೆ. ಕಳಚದಿದ್ರೆ ಆ ವೇಗದಲ್ಲಿ ಕುತ್ತಿಗೆಗೇ ಪೆಟ್ಟು. ಹಗ್ಗವನ್ನ ಕೈಗೆ ಸುತ್ತಿಕೊಳ್ಳಬೇಡಿ, ಬೆರಳು ಹೋಗುತ್ತೆ.

ಹುಬ್ಬಳ್ಳಿ ಅತ್ತೆ: ನಮ್ಮ ನಾಯಿ ಬರ್ತೈತ್ರೀ. ಎರಡು ಅಡಿ ದೂರ ನಿಂತು ಕುಣೀತೈತಿ, ಹಿಡ್ಯಾಕ ಹೋದ್ರ ಜಿಗೀತೈತಿ.

ಡಾಕ್ಟರಕ್ಕ: ಕರೆದಾಗಲೆಲ್ಲ ಚೈನು, ಸ್ನಾನ, ಮನೆಯೊಳಗೆ ಬಂಧನ. ಯಾಕೆ ಹತ್ರ ಬರುತ್ತೆ ಅತ್ತೆ? ತಿಂಡಿ ಕೈಯನ್ನ ನಿಮ್ಮ ಮೊಣಕಾಲಿಗೆ ಅಂಟಿಸಿಡಿ, ಇನ್ನೊಂದು ಕೈಲಿ ಪಟ್ಟಿ ಮುಟ್ಟಿ, ಮುಟ್ಟಿದ ಮೇಲೆ ತಿಂಡಿ, ತಕ್ಷಣ ‘ಹೋಗು’ ಅಂತ ಆಟಕ್ಕೆ ಬಿಡಿ. 10ರಲ್ಲಿ 9 ಸಲ ಬಿಡಲೇಬೇಕು. ಸ್ನಾನಕ್ಕೆ ಕರೀಬೇಡಿ, ನೀವೇ ಹೋಗಿ ಕರ್ಕೊಂಡು ಬನ್ನಿ.

ಬಾಗಲಕೋಟೆ ಕಾಕಾ: ಮೊಲ ಎದ್ದೈತಿ, ನಾಯಿ ಹಿಂದ್ ಬಿದ್ದೈತಿ. ಆಗೇನ್ ಮಾಡೂದು?

ಡಾಕ್ಟರಕ್ಕ: ಆಗ ಕರೀಲೇಬೇಡಿ. ಹತ್ತು ಸಲ ಕೂಗಿ ಹತ್ತು ಸಲವೂ ಬರದಿದ್ರೆ ‘ಬಾ’ ಅನ್ನೋದು ಕಾಗೆ ಕೂಗಿದ್ದಕ್ಕೆ ಸಮ. ಹಗ್ಗ ಕೈಲಿದ್ರೆ ನಾಲ್ಕು ಹೆಜ್ಜೆ ಜೊತೆಗೇ ಓಡ್ತಾ ವೇಗ ಇಳಿಸಿ. ಮೊದಲು ಹಜಾರ, ಆಮೇಲೆ ಅಂಗಳ, ಆಮೇಲೆ ಬೇಲಿ ಇರೋ ಖಾಲಿ ಜಾಗ. ಒಂದೊಂದು ಕಡೆ 10ಕ್ಕೆ 8 ಸಲ ಒಂದೇ ಕರೆಗೆ ಬಂದ್ರೆ ಮುಂದಿನ ಜಾಗ. ಮೊಲದ ಹೊಲ ಎಲ್ಲಕ್ಕಿಂತ ಕೊನೆಗೆ.

ಬಾಗಲಕೋಟೆ ಕಾಕಾ: ಹ್ಞೂಂ. ಕೋಲು ಬಿದಿರಂದ ಆಗ್ಬೇಕೇನು?

ಡಾಕ್ಟರಕ್ಕ: ಪಿವಿಸಿ ಪೈಪೂ ನಡೆಯುತ್ತೆ, ಅರ್ಧ ಇಂಚಿಂದು. ಹಗ್ಗ ಒಳಗಿಂದ ತೂರಿಸಿ ಹಿಡಿಕೆ ಕಡೆ ದಪ್ಪ ಗಂಟು ಹಾಕಿ. ಎಲಾಸ್ಟಿಕ್ ಬೇಡ, ನಾಯಿ ಬಾಯಿ ಬಿಟ್ಟ ಕೂಡಲೇ ಚಿಮ್ಮಿ ಮುಖಕ್ಕೆ ಬಡಿಯುತ್ತೆ.

ಬಾಗಲಕೋಟೆ ಕಾಕಾ: [ವಿಡಿಯೋ ಅಳಿಸಲಾಗಿದೆ]